ಕೂರಿಗೆ ಮತ್ತು ಒಕ್ಕಲಿಗನ ವಿವೇಕ

ಬೇಸಾಯದ ಸಕಲ ಕಾರ್ಯಗಳಲ್ಲಿ ಬಿತ್ತನೆಯೇ ಪ್ರಧಾನವಾದುದು. ಉಳುಮೆ ನಾಲ್ಕು ದಿನ ತಡವಾದರೂ ನಡೆದೀತು. ಬಿತ್ತನೆಯ ಹದ ತಪ್ಪಿದರೆ ವರ್ಷದ ಅನ್ನವೇ ತಪ್ಪೀತು. ತೇರದಾಳ, ಜಮಖಂಡಿ, ಮುಧೋಳ ಸೀಮೆಯ ಎರೆಭೂಮಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಮಳೆಯಾಶ್ರಯದ ಹಿಂಗಾರಿ ಜೋಳಕ್ಕೆ ನೆಲದೊಳಗೆ ಉಳಿದ ಹಸಿಯೇ ಬಂಡವಾಳ. ಮೇಲ್ಮಣ್ಣು ಬೇಗನೆ ಆರುವುದರಿಂದ ಬೀಜವು ಕೆಳಗಿನ ಹಸಿಯನ್ನು ಮುಟ್ಟಬೇಕು. ಕೈಯಿಂದ ಎರಚಿದ ಬೀಜ ಅಲ್ಲಿಗೆ ತಲುಪದು. ಈ ಕೊರತೆಯನ್ನು ನೀಗಿದ ಸಾಧನವೇ ಎತ್ತಿನ ಕೂರಿಗೆ.

ಇದರ ರಚನೆ ಸರಳವಾದುದು. ಅಡ್ಡದಿಂಡಿಗೆ ಎರಡು, ಮೂರು ಅಥವಾ ನಾಲ್ಕು ತಾಳುಗಳು, ತಾಳಿಗೊಂದು ಕೊಳವೆ, ಕೊಳವೆಗಳೆಲ್ಲ ಕೂಡುವೆಡೆಯಲ್ಲಿ ಮರದ ಬಟ್ಟಲು. ಉಡಿಯಲ್ಲಿ ಬೀಜ ಕಟ್ಟಿಕೊಂಡ ಹೆಣ್ಣುಮಗಳು ಬಟ್ಟಲಿಗೆ ಬೀಜ ಬಿಡುತ್ತ ನಡೆಯುತ್ತಾಳೆ. ಅವಳ ಬೆರಳುಗಳ ಸಮತೆಯೇ ಬೆಳೆಯ ಸಮತೆ. ಒಂದು ಕೊಳವೆಗೆ ಮಣ್ಣು ಕಟ್ಟಿದರೆ ಆ ತಪ್ಪು ಮೊಳಕೆಯೊಡೆದ ಮೇಲೆ ಬರಿದಾದ ಸಾಲಾಗಿ ಕಾಣಿಸುತ್ತದೆ. ಸಾಲು ನೇರವಾಗಿದ್ದರೆ ಮುಂದೆ ಎಡೆಕುಂಟೆ ಹೊಡೆದು ಎತ್ತುಗಳಿಂದಲೇ ಕಳೆ ತೆಗೆಯಬಹುದು.

ಇಂಗ್ಲೆಂಡಿನಲ್ಲಿ ಜೆತ್ರೋ ಟಲ್ ಎಂಬಾತನು 1701ರ ಸುಮಾರಿಗೆ ಬಿತ್ತುವ ಯಂತ್ರವನ್ನು ರಚಿಸಿದನು. ಅದನ್ನು ಯುರೋಪಿನ ಹೊಸ ಶೋಧನೆಯೆಂದೇ ನಂಬಿದ್ದ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಆಂಗ್ಲ ಅಧಿಕಾರಿಯು 1790ರ ದಶಕದಲ್ಲಿ ದಕ್ಷಿಣ ಭಾರತದ ಹೊಲಗಳಲ್ಲಿ ಕೂರಿಗೆಯನ್ನು ಕಂಡು ಬೆರಗಾದನು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ನನೂ ಕೂರಿಗೆಯನ್ನು ಅದರ ಕನ್ನಡ ಹೆಸರಿನಿಂದಲೇ ವರ್ಣಿಸಿದ್ದಾನೆ.

ಹಾಗೆಂದು ನಮ್ಮ ಒಕ್ಕಲಿಗನು ಹಳೆಯದಕ್ಕೆ ಅಂಟಿಕೊಂಡವನೆಂದು ಭಾವಿಸಲಾಗದು. 1972ರಲ್ಲಿ ಹೈದರಾಬಾದಿನ ಬಳಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯು ಉಳುಮೆ, ಬಿತ್ತನೆ, ಎಡೆಹೊಡೆತ ಎಲ್ಲವನ್ನೂ ಮಾಡಬಲ್ಲ ಗಾಲಿಯುಳ್ಳ ಎತ್ತಿನ ಸಲಕರಣೆಯನ್ನು ಪ್ರಚಾರಕ್ಕೆ ತಂದಿತು. ಅದು ಪ್ರಯೋಗಕ್ಷೇತ್ರದಲ್ಲಿ ಗೆದ್ದರೂ ರೈತರ ಹೊಲದಲ್ಲಿ ನೆಲೆಯೂರಲಿಲ್ಲ. ಬೆಲೆ ದುಬಾರಿ, ಭಾರ ಹೆಚ್ಚು, ರಚನೆ ಜಟಿಲ. ಇಂಥ ಸಲಕರಣೆಗಳ ವಿಷಯವಾಗಿ ಪಾಲ್ ಸ್ಟಾರ್ಕಿ 1988ರಲ್ಲಿ ಬರೆದ ಗ್ರಂಥದ ಶೀರ್ಷಿಕೆಯೇ ಅವು ಪರಿಪೂರ್ಣವಾದರೂ ತಿರಸ್ಕೃತವಾದವು ಎಂದು ಸಾರುತ್ತದೆ. ಒಂದು ಜೋಡಿ ಎತ್ತು ಎಳೆಯಬೇಕು, ಊರ ಬಡಿಗ ಮತ್ತು ಕಮ್ಮಾರರು ದುರಸ್ತಿ ಮಾಡಬೇಕು, ಹದ ಆರುವುದರೊಳಗೆ ಹೊಲ ಮುಗಿಯಬೇಕು: ಇವು ಒಕ್ಕಲಿಗನ ಮೂರು ಒರೆಗಲ್ಲುಗಳು. ಕೂರಿಗೆ ಮೂರರಲ್ಲಿಯೂ ತೇರ್ಗಡೆಯಾಗಿತ್ತು.

ಇಂದು ಈ ಸೀಮೆಯಲ್ಲಿ ಕಬ್ಬು ಹಬ್ಬಿದೆ, ಟ್ರ್ಯಾಕ್ಟರ್ ಬಂದಿದೆ, ಜೋಡೆತ್ತುಗಳು ವಿರಳವಾಗಿವೆ. ಟ್ರ್ಯಾಕ್ಟರಿಗೆ ಕಟ್ಟುವ ಸಾಧನಕ್ಕೂ ಕೂರಿಗೆಯೆಂಬ ಹೆಸರೇ ಉಳಿದಿರುವುದು ಸಂತೋಷ. ಆದರೆ ಎರಡೆಕರೆಯ ರೈತನು ಬಾಡಿಗೆಯ ಟ್ರ್ಯಾಕ್ಟರಿಗಾಗಿ ಕಾಯುವಾಗ ಹಸಿ ಕಾಯುವುದಿಲ್ಲ. ಅವನ ಮನೆಯ ಕೂರಿಗೆ ಒಲೆ ಸೇರಿದ್ದರೆ ಅವನ ಸ್ವಾತಂತ್ರ್ಯದ ಒಂದಂಶವೂ ಅದರೊಡನೆ ಉರಿದಂತೆ.

ಆದುದರಿಂದ ಗುರುಬಾಂಧವರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ, ದಾನಿಗಳಲ್ಲಿ ಒಂದು ಬಿನ್ನಹ. ತಮ್ಮ ಹಿತ್ತಿಲ ಅಟ್ಟದ ಮೇಲೆ ಕೂರಿಗೆಯೊಂದಿದ್ದರೆ ಶಾಲೆಗೆ ನೀಡಿರಿ. ತಾಳು, ದಿಂಡು, ಬಟ್ಟಲು, ನೊಗ ಎಂಬ ಪದಗಳನ್ನು ಮಕ್ಕಳು ನಿಘಂಟಿನಲ್ಲಿ ಹುಡುಕುವ ಮೊದಲು ಕೈಯಿಂದ ಮುಟ್ಟಿ ತಿಳಿಯಲಿ. ಬೀಜ ಬಿಟ್ಟ ಅನುಭವವುಳ್ಳ ಅಜ್ಜಿಯೊಬ್ಬರು ಒಂದು ದಿನ ಅವರ ಗುರುವಾಗಲಿ.