ತೋಟದ ಮನೆಗೆ ತಕ್ಕ ಕೈದೀಪ



ನಮ್ಮ ಕಡೆಯ ಹಳ್ಳಿಗಳಲ್ಲಿ ಟಾರ್ಚಿಗೆ 'ಬ್ಯಾಟರಿ' ಎಂದು ಹೆಸರು. "ಕತ್ತಲಾಯಿತು, ಬ್ಯಾಟರಿ ಹಿಡಿದುಕೊಂಡು ಹೋಗು" ಎನ್ನುವರೇ ಹೊರತು ಟಾರ್ಚ್ ಎನ್ನುವ ಹಿರಿಯರು ಕಡಮೆ. ಒಳಗಿನ ವಸ್ತುವಿನ ಹೆಸರನ್ನು ಹೊರಗಿನ ಉಪಕರಣಕ್ಕೆ ಕೊಟ್ಟ ಈ ರೂಢಿಯನ್ನು ಕೇಳಿ ಪೇಟೆಯವರು ನಗುವುದುಂಟು; ನಾನೂ ನಕ್ಕವನೇ. ಆದರೆ ಒಳ್ಳೆಯ ಕೈದೀಪವೊಂದನ್ನು ಆರಿಸಲು ಹೊರಟು ಒಮ್ಮೆ ಮೋಸಹೋದ ಮೇಲೆ, ಆ ಹೆಸರಿನಲ್ಲಿ ವಿವೇಕವಿದೆಯೆಂದು ನನಗೆ ತೋರಿತು. ಅದು ಹೇಗೆಂಬುದನ್ನು ಮುಂದೆ ಹೇಳುವೆನು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ೨೦೦೭ರಲ್ಲಿ ಒಂದು ಪ್ರತ್ಯೇಕ ಜಿಲ್ಲೆಯಾದುವು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಹೆಸರು ಏನೇ ಇರಲಿ, ರಾಜಧಾನಿಯಲ್ಲಿ ಉದ್ಯೋಗಮಾಡಿ ಇಲ್ಲಿ ಒಂದು ತುಂಡು ನೆಲವನ್ನು ಕೊಂಡು, ನಾಲ್ಕು ಮಾವಿನ ಗಿಡಗಳನ್ನು ನೆಟ್ಟು, ಹೆಂಚಿನ ಮನೆಯೊಂದನ್ನು ಕಟ್ಟಿಕೊಂಡಿರುವ ವಿದ್ಯಾವಂತರು ಈಗ ಬಹುಮಂದಿ. ಕೇಳುತ್ತಿರುವ ನಿಮ್ಮಲ್ಲಿಯೂ ಅಂಥವರಿರಬಹುದು. ಹಗಲಿನಲ್ಲಿ ಈ ಸೀಮೆಯು ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ರೇಷ್ಮೆಹುಳುವಿನ ಮನೆಗಳಿಂದ ಕೂಡಿ ಬಹು ಸೌಮ್ಯವಾಗಿ ಕಾಣುವುದು. ರಾತ್ರಿಯಾದ ಮೇಲೆ ಇದಕ್ಕೆ ಬೇರೆ ಒಡೆಯರುಂಟು. ೨೦೧೨ರಿಂದ ರಣಹದ್ದುಗಳ ಧಾಮವಾಗಿರುವ ರಾಮದೇವರ ಬೆಟ್ಟದ ಬಂಡೆಗಳಲ್ಲಿಯೂ ಮಾಗಡಿಯ ಸಾವನದುರ್ಗದ ಸುತ್ತಿನಲ್ಲಿಯೂ ಚಿರತೆ ಕರಡಿಗಳಿವೆ. ಕನಕಪುರದ ದಕ್ಷಿಣಕ್ಕೆ ಕಾವೇರಿ ವನ್ಯಧಾಮ, ಪೂರ್ವಕ್ಕೆ ಬನ್ನೇರುಘಟ್ಟದ ಕಾಡು. ಅಲ್ಲಿಂದ ಹೊರಟ ಆನೆಗಳು ರಾಗಿ ಹಾಲುಗಟ್ಟುವ ಕಾಲದಲ್ಲಿಯೂ ಹಲಸು ಹಣ್ಣಾಗುವ ಕಾಲದಲ್ಲಿಯೂ ಕಬ್ಬಾಳು, ತೆಂಗಿನಕಲ್ಲು ಅರಣ್ಯಗಳನ್ನು ಹಿಡಿದು ಚನ್ನಪಟ್ಟಣದ ಹೊಲಗಳವರೆಗೂ ಬರುವುವು. ೨೦೨೦ನೆಯ ಇಸವಿ ಮೇ ತಿಂಗಳಿನಲ್ಲಿ ಮಾಗಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಮನೆಯೊಳಗೆ ಮಲಗಿದ್ದ ಮೂರು ವರ್ಷದ ಮಗುವನ್ನು ಚಿರತೆಯು ಎತ್ತಿಕೊಂಡು ಹೋಗಿ ಕೊಂದಿತು. ಸೆಕೆಗೆಂದು ಬಾಗಿಲನ್ನು ತೆರೆದಿಟ್ಟಿದ್ದರು.

ಇವೆಲ್ಲಕ್ಕಿಂತ ನಿತ್ಯದ ಭಯವು ಹಾವಿನದು. ಪಂಪಿಗೆ ವಿದ್ಯುತ್ತು ಸರದಿಯ ಮೇಲೆ ಬರುವುದರಿಂದ ನಡುರಾತ್ರಿಯಲ್ಲಿ ಎದ್ದು ಮೋಟಾರು ಹಾಕಲು ಹೋಗಬೇಕಾಗುವುದುಂಟು. ರಾತ್ರಿ ಹತ್ತು ಗಂಟೆಗೆ ಹುಳುವಿಗೆ ಸೊಪ್ಪು ಹಾಕಬೇಕು. ಕೊಳಕುಮಂಡಲವೂ ಕಟ್ಟುಹಾವೂ ಸಂಚರಿಸುವ ಹೊತ್ತು ಅದೇ. ಭಾರತದಲ್ಲಿ ೨೦೦೦ದಿಂದ ೨೦೧೯ರವರೆಗೆ ಹಾವಿನ ಕಡಿತದಿಂದ ಸತ್ತವರು ಸುಮಾರು ಹನ್ನೆರಡು ಲಕ್ಷ ಮಂದಿಯೆಂದು ಅಂದಾಜು ಮಾಡಿದ್ದಾರೆ. ನಮ್ಮ ರಾಜ್ಯದಲ್ಲಿ ೨೦೨೪ರಿಂದ ಪ್ರತಿಯೊಂದು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿಮಾಡಬೇಕೆಂದು ವಿಧಿಯಾಗಿದೆ.

ಇನ್ನು ನನ್ನ ಮೋಸದ ಕಥೆ. ಕನಕಪುರದ ಕಡೆ ನಮ್ಮ ತಾಯಿಯವರಿರುವ ತೋಟದ ಮನೆಗೆಂದು, ಜಾಹೀರಾತೊಂದನ್ನು ನಂಬಿ 'ಹತ್ತು ಲಕ್ಷ ಲ್ಯೂಮೆನ್' ಎಂದು ಬರೆದಿದ್ದ ಭಾರಿಯ ದೀಪವನ್ನು ತರಿಸಿದೆನು. ಬೇಸಗೆಯ ರಜದ ಒಂದು ರಾತ್ರಿ ಕೊಟ್ಟಿಗೆಯ ಬಳಿ ನಾಯಿ ಎಡೆಬಿಡದೆ ಬೊಗಳಿತು. ನಾನು ಹೊಸ ದೀಪವನ್ನು ಭುಜದ ಮಟ್ಟಕ್ಕೆ ಎತ್ತಿ ಹಿಡಿದು ಹೊರಟೆನು. ಸುಣ್ಣ ಬಳಿದ ಗೋಡೆಗೆ ಆ ಬೆಳಕು ತಗುಲಿ ಹಿಂದಿರುಗಿ ನನ್ನ ಕಣ್ಣನ್ನೇ ಕುಕ್ಕಿತು. ಗೋಡೆ ಹೊಳೆಯಿತು, ನೆಲ ಮಾಯವಾಯಿತು. ಅಷ್ಟರಲ್ಲಿ ತೋಟದ ಆಳು, ಮೊಳಕಾಲಿನ ಮಟ್ಟದಲ್ಲಿ ತನ್ನ ಹಳೆಯ ಎರಡು ಸೆಲ್ಲಿನ ಬ್ಯಾಟರಿಯನ್ನು ಹಿಡಿದು ಬಂದವನು, "ಸ್ವಾಮಿ, ಅಲ್ಲೇ ನಿಂತ್ಕಳಿ" ಎಂದನು. ನನ್ನ ಪಾದದಿಂದ ಒಂದು ಮೊಳದಾಚೆ ಕೊಳಕುಮಂಡಲವು ಸುತ್ತಿಕೊಂಡು ಬಿದ್ದಿತ್ತು. ನಾವಿಬ್ಬರೂ ಹಿಂದೆ ಸರಿದೆವು. ಸ್ವಲ್ಪ ಹೊತ್ತಿಗೆ ಅದೂ ತನ್ನ ದಾರಿ ಹಿಡಿಯಿತು. "ಅಷ್ಟು ದೊಡ್ಡ ದೀಪ ಇಟ್ಕೊಂಡು ಕಾಲ್ಬುಡ ನೋಡ್ನಿಲ್ವಲ್ಲ" ಎಂಬ ಅವನ ಮಾತಿಗೆ, ಕಾಲೇಜಿನಲ್ಲಿ ಪಾಠ ಹೇಳುವ ನಾನು ಉತ್ತರಕೊಡಲಿಲ್ಲ.

ಹತ್ತು ಲಕ್ಷಕ್ಕೆ ಕಾಣದ್ದು ಹಳೆಯ ಬ್ಯಾಟರಿಗೆ ಹೇಗೆ ಕಂಡಿತು? ಈ ಪ್ರಶ್ನೆಗೆ ಉತ್ತರ ತಿಳಿದರೆ ಕೈದೀಪವನ್ನು ಕೊಳ್ಳುವ ವಿದ್ಯೆ ಮುಕ್ಕಾಲುಪಾಲು ತಿಳಿದಂತೆ. ಮೊದಲನೆಯದಾಗಿ ಆ ಅಂಕಿಯೇ ಸುಳ್ಳು. ಈಗಿನ ಒಳ್ಳೆಯ ಎಲ್‌ಇಡಿ ದೀಪವು ಒಂದು ವ್ಯಾಟ್ ವಿದ್ಯುತ್ತಿಗೆ ಸುಮಾರು ನೂರು ಲ್ಯೂಮೆನ್ ಬೆಳಕನ್ನು ಕೊಡುವುದು. ಹತ್ತು ಲಕ್ಷ ಲ್ಯೂಮೆನ್ ಬೇಕೆಂದರೆ ಹತ್ತು ಸಾವಿರ ವ್ಯಾಟ್ ಬೇಕು. ಎಂದರೆ ಹದಿಮೂರು ಕುದುರೆಶಕ್ತಿಯ ಪಂಪನ್ನು ಓಡಿಸುವಷ್ಟು ವಿದ್ಯುತ್ತು ಅಂಗೈಯಲ್ಲಿ ಹಿಡಿಯುವ ಕೊಳವೆಯಿಂದ ಬರಬೇಕು. ಹಾಗೆ ಬಂದರೆ ಬೆಳಕಿಗಿಂತ ಮುಂಚೆ ಕೈ ಬೇಯುವುದು. ಭೌತಶಾಸ್ತ್ರವನ್ನು ಓದಿದ್ದ ನಾನು ಈ ಗುಣಾಕಾರವನ್ನು ಹಣ ಕೊಟ್ಟ ಮೇಲೆ ಮಾಡಿದೆನು.

ಲ್ಯೂಮೆನ್ ಎಂಬುದು ದೀಪದಿಂದ ಹೊರಬೀಳುವ ಬೆಳಕಿನ ಒಟ್ಟು ಮೊತ್ತ. ಆ ಬೆಳಕು ಎಷ್ಟು ಒತ್ತಾಗಿ ಒಂದೇ ದಿಕ್ಕಿಗೆ ಹೋಗುವುದೆಂಬುದನ್ನು ಹೇಳುವ ಅಳತೆ ಕ್ಯಾಂಡೆಲ. ತೋಟಕ್ಕೆ ನೀರು ಬಿಡುವವರಿಗೆ ಇದು ಸುಲಭವಾಗಿ ತಿಳಿಯುವುದು. ಕೊಳವೆಯಲ್ಲಿ ಬರುವ ನೀರು ಅಷ್ಟೇ ಆದರೂ, ಬಾಯಿಗೆ ಹೆಬ್ಬೆರಳು ಒತ್ತಿದರೆ ದೂರದ ಗಿಡಕ್ಕೆ ಹಾರುವುದು, ಬಿಟ್ಟರೆ ಕಾಲಬುಡದಲ್ಲಿ ಹರಡುವುದು. ಹಾಗೆಯೇ ಆಳವಾದ ನುಣ್ಣನೆಯ ಪ್ರತಿಫಲಕವುಳ್ಳ ದೀಪ ದೂರಕ್ಕೆ ಎಸೆಯುವುದು. ಆಳವಿಲ್ಲದ, ತರಿತರಿಯಾದ ಪ್ರತಿಫಲಕವುಳ್ಳದ್ದು ಹತ್ತಿರದಲ್ಲಿ ಅಗಲವಾಗಿ ಚೆಲ್ಲುವುದು. ಅಂಗಳದಲ್ಲಿ ನಡೆಯುವವನಿಗೆ ಬೇಕಾದುದು ಚೆಲ್ಲುವ ಬೆಳಕು. ಬಾಗಿಲಲ್ಲಿ ನಿಂತು ಬೇಲಿಯ ಕೊನೆಯನ್ನು ನೋಡುವವನಿಗೆ ಬೇಕಾದುದು ಎಸೆಯುವ ಬೆಳಕು. ಒಂದೇ ದೀಪದಲ್ಲಿ ಎರಡೂ ಬೇಕಾದರೆ ನಡುವೆ ಮಿತವಾದ ಬಿಂದುವೂ ಸುತ್ತ ಉದಾರವಾದ ಹರವೂ ಇರುವುದನ್ನು ಆರಿಸತಕ್ಕುದು. ಅಂಗಡಿಯ ಗೋಡೆಗೆ ಹಿಡಿದು ನೋಡಿದರೆ ಇದು ಒಂದು ನಿಮಿಷದಲ್ಲಿ ತಿಳಿದುಹೋಗುವುದು.

ಪೆಟ್ಟಿಗೆಯ ಮೇಲೆ 'ಇಷ್ಟು ಮೀಟರ್ ದೂರ' ಎಂದು ಬರೆದಿರುವುದನ್ನೂ ಅರ್ಥಮಾಡಿಕೊಳ್ಳಬೇಕು. ಅಮೆರಿಕದಲ್ಲಿ ೨೦೦೯ರಲ್ಲಿ ಕೈದೀಪಗಳಿಗಾಗಿ ಒಂದು ಮಾನಕವು ಪ್ರಕಟವಾಯಿತು. ಒಳ್ಳೆಯ ತಯಾರಕರು ಎಲ್ಲೆಡೆಯೂ ಅದನ್ನೇ ಅನುಸರಿಸುವರು. ಅದರ ಪ್ರಕಾರ, ಬೆಳಕು ಕಾಲು ಲಕ್ಸಿಗೆ ಇಳಿಯುವ ಸ್ಥಳವೇ ಆ ದೀಪದ ದೂರ. ಕಾಲು ಲಕ್ಸ್ ಎಂದರೆ ಹೆಚ್ಚುಕಡಮೆ ಹುಣ್ಣಿಮೆಯ ಬೆಳದಿಂಗಳು. ಬೆಳದಿಂಗಳಲ್ಲಿ ಏನೋ ಇದೆಯೆಂದು ಕಾಣಬಹುದು. ಅದು ಕರುವೋ ಚಿರತೆಯೋ ಎಂದು ಹೇಳಲಾಗದು. ದೂರವು ಎರಡರಷ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಾಗುವುದೆಂಬ ನಿಯಮವನ್ನು ತಿರುಗಿಸಿ ಹಿಡಿದರೆ, ಪೆಟ್ಟಿಗೆಯ ದೂರದ ಕಾಲುಭಾಗದಲ್ಲಿ ನಾಲ್ಕು ಲಕ್ಸ್ ದೊರೆಯುವುದು. ಮೃಗವನ್ನು ಗುರುತಿಸಲು ಅದು ಸಾಕು. ಹತ್ತು ಸಾವಿರ ಕ್ಯಾಂಡೆಲದ ದೀಪಕ್ಕೆ ಪೆಟ್ಟಿಗೆಯಲ್ಲಿ ೨೦೦ ಮೀಟರ್ ಎಂದಿರುವುದು. ನೀವು ೫೦ ಮೀಟರ್ ಎಂದು ಓದಿಕೊಳ್ಳಿರಿ. ಸಾಧಾರಣವಾದ ತೋಟದ ಅಂಗಳಕ್ಕೆ ಅಷ್ಟು ಸಾಕು. ಮೊತ್ತದಲ್ಲಿ ನಡೆದಾಡಲು ೧೦೦ರಿಂದ ೩೦೦ ಲ್ಯೂಮೆನ್, ಅಗತ್ಯ ಬಿದ್ದಾಗ ಒಂದೆರಡು ನಿಮಿಷ ೮೦೦ ಅಥವಾ ೧೦೦೦. ಹಳೆಯ ಎರಡು ಸೆಲ್ಲಿನ ತಂತಿಬಲ್ಬಿನ ಟಾರ್ಚು ಕೊಡುತ್ತಿದ್ದುದು ಹತ್ತು ಹದಿನೈದು ಲ್ಯೂಮೆನ್ ಎಂಬುದನ್ನು ನೆನೆದರೆ ಇದೇನೂ ಅಲ್ಪವಲ್ಲ.

ಇನ್ನು ಹಾವು ಕಂಡ ರಹಸ್ಯ. ಕಣ್ಣಿನ ಮಟ್ಟದಿಂದ ಬೀಳುವ ಬೆಳಕು, ವಸ್ತುವಿನ ನೆರಳನ್ನು ವಸ್ತುವಿನ ಹಿಂದೆಯೇ ಅಡಗಿಸಿಬಿಡುವುದು. ಕೆಳಗಿನಿಂದ ನೆಲವನ್ನು ಸವರಿಕೊಂಡು ಹೋಗುವ ಬೆಳಕಿನಲ್ಲಿ ಒಂದು ಹಗ್ಗಕ್ಕೂ ಒಂದು ಕುಳಿಗೂ ಉದ್ದವಾದ ನೆರಳು ಹುಟ್ಟುವುದು. ನಮ್ಮ ಆಳು ದೀಪವನ್ನು ಮೊಳಕಾಲಿಗೆ ಇಳಿಸಿ ಹಿಡಿದುದು ಈ ಅನುಭವದಿಂದಲೇ. ಹಣೆಗೆ ಕಟ್ಟುವ ದೀಪವು ಮೋಟಾರಿನ ಪೆಟ್ಟಿಗೆಯನ್ನು ಬಿಚ್ಚುವಾಗ, ಎರಡು ಕೈಗೂ ಕೆಲಸವಿರುವಾಗ ಬಹು ಉಪಯುಕ್ತ. ಆದರೆ ದಾರಿ ನಡೆಯಲು ಅದೊಂದನ್ನೇ ನಂಬಬಾರದು. ಮಳೆಗಾಲದಲ್ಲಿ ಹುಳುಗಳೆಲ್ಲ ಮುಖಕ್ಕೇ ಬರುವುವೆಂಬುದು ಬೇರೆ ಮಾತು. ಚಿರತೆಯ ಕಣ್ಣುಗಳು ಬೆಳಕಿಗೆ ಹೊಳೆಯುವಂತೆ ಹಾವಿನ ಕಣ್ಣು ಹೊಳೆಯುವುದಿಲ್ಲ. ಅದನ್ನು ನೆರಳಿನಿಂದಲೂ ಬಣ್ಣದಿಂದಲೂ ಗುರುತಿಸಬೇಕು.

ಬಣ್ಣವೆಂದೆನಷ್ಟೆ. ೧೯೯೩ರಲ್ಲಿ ಜಪಾನಿನ ನಕಮುರ ಎಂಬವರು ಪ್ರಖರವಾದ ನೀಲಿ ಎಲ್‌ಇಡಿಯನ್ನು ಹೊರತಂದರು. ೨೦೧೪ರಲ್ಲಿ ಅಕಸಾಕಿ, ಅಮಾನೊ ಎಂಬವರೊಡನೆ ಅವರಿಗೆ ನೊಬೆಲ್ ಬಹುಮಾನವು ದೊರೆಯಿತು. ನಮ್ಮ ಕೈದೀಪದ ಬಿಳಿಯ ಬೆಳಕು ಆ ನೀಲಿಗೆ ಹಳದಿಯ ಲೇಪವನ್ನು ಕೊಟ್ಟು ಮಾಡಿದ್ದು. ಅಗ್ಗದ ದೀಪಗಳಲ್ಲಿ ನೀಲಿ ಹೆಚ್ಚು, ಕೆಂಪು ಕಡಮೆ. ಅದರಿಂದ ತರಗೆಲೆ, ಮಣ್ಣು, ಕೊಳಕುಮಂಡಲ ಮೂರೂ ಒಂದೇ ಬೂದಿಬಣ್ಣವಾಗಿ ಕಾಣುವುವು. ಪೆಟ್ಟಿಗೆಯ ಮೇಲೆ ಬಣ್ಣದ ನಿಷ್ಠೆಯನ್ನು ಸೂಚಿಸುವ 'ಸಿಆರ್‌ಐ' ಎಂಬ ಅಂಕಿಯು ೯೦ಕ್ಕಿಂತ ಹೆಚ್ಚಾಗಿಯೂ, ವರ್ಣತಾಪವು ೪೦೦೦ ಅಥವಾ ೫೦೦೦ ಕೆಲ್ವಿನ್ ಆಗಿಯೂ ಇದ್ದರೆ, ಲ್ಯೂಮೆನ್ನಿನಲ್ಲಿ ಸ್ವಲ್ಪ ಕಡಮೆಯಾದರೂ ಅದನ್ನೇ ಕೊಳ್ಳುವುದು ನನ್ನ ಮತ. ಅಂಗಡಿಯವರು ಈ ಅಂಕಿಯನ್ನು ತಾವಾಗಿ ಹೇಳುವುದು ಅಪರೂಪ.

ಈಗ ಹಳ್ಳಿಯ ಹೆಸರಿಗೆ ಬರೋಣ. ಕೈದೀಪವೆಂದರೆ ಬ್ಯಾಟರಿಯೇ ಸರಿ. ಹದಿನೆಂಟು ಮಿಲಿಮೀಟರ್ ದಪ್ಪ, ಅರುವತ್ತೈದು ಮಿಲಿಮೀಟರ್ ಉದ್ದವಿರುವುದರಿಂದ '೧೮೬೫೦' ಎಂದು ಹೆಸರಾದ ಲಿಥಿಯಮ್ ಕೋಶವು ಈಗ ಬಹಳ ಬಳಕೆಯಲ್ಲಿದೆ. ಅದರ ಧಾರಣಶಕ್ತಿ ನಿಜವಾಗಿ ೩೫೦೦ ಮಿಲಿ ಆಂಪಿಯರ್ ಗಂಟೆಯ ಆಸುಪಾಸಿನಲ್ಲಿ ಮುಗಿಯುವುದು. ೯೯೦೦ ಎಂದು ಬರೆದಿದ್ದರೆ ಆ ಅಂಗಡಿಯಿಂದ ಇಳಿದುಬಿಡಿರಿ. ಒಳ್ಳೆಯ ಕೋಶವೊಂದು ೩೦೦ ಲ್ಯೂಮೆನ್ನಿನ ಬೆಳಕನ್ನು ಸುಮಾರು ಮೂರು ಗಂಟೆಗಳ ಕಾಲ ಕೊಡಬಲ್ಲುದು. ಇಲ್ಲಿಯೂ ಒಂದು ಸೂಕ್ಷ್ಮವಿದೆ: ಪೆಟ್ಟಿಗೆಯಲ್ಲಿ ಹೇಳುವ ಅವಧಿಯು ಬೆಳಕು ಹತ್ತನೆಯ ಒಂದು ಪಾಲಿಗೆ ಇಳಿಯುವವರೆಗಿನ ಅವಧಿ. ಪುಟ್ಟ ದೀಪಗಳು ಕಾವನ್ನು ತಾಳಲಾರದೆ ಒಂದೆರಡು ನಿಮಿಷಗಳಲ್ಲಿಯೇ ಬೆಳಕನ್ನು ತಗ್ಗಿಸಿಬಿಡುವುವು. ಅದು ದೋಷವಲ್ಲ, ಎಚ್ಚರಿಕೆ. ಬಿಡಿ ಕೋಶವನ್ನು ಬೀಗದ ಕೈಗಳೊಡನೆ ಜೇಬಿನಲ್ಲಿ ಹಾಕಿಕೊಂಡರೆ ಬೆಂಕಿ ಹತ್ತಬಹುದು. ಉಬ್ಬಿದ ಕೋಶವನ್ನು ಮತ್ತೆ ಚಾರ್ಜ್ ಮಾಡಬಾರದು. ನಿಂತ ಕಾರಿನಲ್ಲಿ ಬೇಸಗೆಯ ಬಿಸಿಲಿಗೆ ಬಿಡಬಾರದು. ವಿದ್ಯುತ್ತು ನಾಲ್ಕು ದಿನ ಹೋದರೆ ಗತಿಯೇನೆಂದು ಯೋಚಿಸಿ, ಹಳ್ಳಿಯ ಚಿಲ್ಲರೆ ಅಂಗಡಿಯಲ್ಲಿ ಸಿಕ್ಕುವ ಸಣ್ಣ ಸೆಲ್ಲಿನಿಂದ ಉರಿಯುವ ಎರಡನೆಯ ದೀಪವೊಂದನ್ನು ಇಟ್ಟುಕೊಂಡಿರುವುದು ಮೇಲು. ಅದರ ಸೆಲ್ಲುಗಳು ಒಸರಿ ಒಳಭಾಗವನ್ನು ತಿಂದುಹಾಕುವುವಾದ್ದರಿಂದ ಅವನ್ನು ಹೊರಗೆ ತೆಗೆದು ಪಕ್ಕದಲ್ಲಿಡಬೇಕು. ನೀರಿನ ವಿಚಾರದಲ್ಲಿ 'ಐಪಿಎಕ್ಸ್ ೪' ಎಂದಿದ್ದರೆ ಮಳೆಗೆ ಸಾಕು, '೭' ಎಂದಿದ್ದರೆ ತೊಟ್ಟಿಗೆ ಬಿದ್ದರೂ ಬದುಕುವುದು.

ಗುಂಡಿಯ ವಿಷಯವನ್ನು ಯಾರೂ ಯೋಚಿಸುವುದಿಲ್ಲ. ಒಂದು ಸಲ ಒತ್ತಿದರೆ ಬೆಳಕು, ಎರಡು ಸಲಕ್ಕೆ ಮಂದ, ಮೂರಕ್ಕೆ ಮಿಣುಕು, ನಾಲ್ಕಕ್ಕೆ ಅಪಾಯಸೂಚನೆ ಎಂಬ ವಿನೋದವು ಹಗಲಿಗೆ ಸರಿ. ಗಾಬರಿಯಲ್ಲಿ ಎದ್ದ ಎಪ್ಪತ್ತು ವರ್ಷದವರ ಕೈಗೆ ಅದು ಸಿಕ್ಕಿದರೆ ದೀಪ ಮಿಣುಕುತ್ತಲೇ ಇರುವುದು. ಮೊದಲ ಒತ್ತಿಗೇ ನಡೆಯುವ ಬೆಳಕು ಬರಬೇಕು. ನಾನು ದೀಪವನ್ನು ಆರಿಸುವಾಗ ನಮ್ಮ ತಾಯಿಯವರ ಕೈಗೆ ಕೊಟ್ಟು, ಕಣ್ಣುಮುಚ್ಚಿಕೊಂಡು ಹೊತ್ತಿಸುವಂತೆ ಕೇಳಿದೆನು. ಮೂರು ದೀಪಗಳಲ್ಲಿ ಎರಡು ಅಲ್ಲಿಯೇ ಸೋತುವು.

ಕಳ್ಳರ ಭಯಕ್ಕಾಗಿ ದೀಪವನ್ನು ಕೊಳ್ಳುವವರು ಅದನ್ನು ಆಯುಧವೆಂದು ಭಾವಿಸುವುದುಂಟು. ಹಲ್ಲಿನಂಥ ಅಂಚುಗಳುಳ್ಳ, ಕಣ್ಣು ಕುರುಡುಮಾಡುವ ಮಿಣುಕುಳ್ಳ ದೀಪಗಳನ್ನು ಅದಕ್ಕಾಗಿಯೇ ಮಾರುವರು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಮನೆಯನ್ನು ಕಾಯುವುದರಲ್ಲಿ ದೀಪದ ಕೆಲಸ ಒಂದೇ: ಹೊರಗಿರುವವರು ಯಾರು ಎಂದು ಬಾಗಿಲನ್ನು ತೆರೆಯುವ ಮುಂಚೆ ತಿಳಿಸುವುದು. ಒಳಗಿನ ದೀಪವನ್ನು ಆರಿಸಿ, ಟಾರ್ಚಿನ ಗಾಜನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದರೆ ಪ್ರತಿಫಲನವಿಲ್ಲದೆ ಅಂಗಳವು ಕಾಣುವುದು. ದೂರದಿಂದ ಹಿಡಿದರೆ ನಿಮ್ಮ ಮುಖವೇ ನಿಮಗೆ ಕಾಣುವುದು. ಕಂಡದ್ದು ಅಪರಿಚಿತನಾದರೆ ೧೧೨ಕ್ಕೆ ದೂರವಾಣಿ ಮಾಡಿ ಒಳಗಿರತಕ್ಕುದು. ಎರಡು ಕಣ್ಣುಗಳ ಹೊಳಪು ಕಂಡರೆ ಬಗ್ಗದೆ, ಓಡದೆ, ಬೆಳಕನ್ನು ಬಿಡದೆ ಹಿಂದೆ ಹಿಂದೆ ನಡೆದು ಬಾಗಿಲನ್ನು ಹಾಕಿಕೊಳ್ಳಬೇಕು. ಆನೆಯ ವಿಷಯ ಬೇರೆ. ಅದರ ಕಪ್ಪು ಮೈ ಬೆಳಕನ್ನು ನುಂಗುವುದರಿಂದ ಹತ್ತಿರವಾಗುವವರೆಗೂ ಕಾಣುವುದಿಲ್ಲ. ಕೊಂಬೆ ಮುರಿಯುವ ಸದ್ದೇ ಮೊದಲು ಕೇಳುವುದು. ಅದರ ಮುಖಕ್ಕೆ ಬೆಳಕು ಬೀರಿ ಕೆಣಕುವವನು ಐದು ಸಾವಿರ ಲ್ಯೂಮೆನ್ ಹಿಡಿದಿದ್ದರೂ ಕಾಲಾಳೇ. ಹಾವು ಕಚ್ಚಿದರೆ ಕೊಯ್ಯದೆ, ಕಟ್ಟದೆ, ಅವಯವವನ್ನು ಅಲುಗಿಸದೆ ೧೦೮ಕ್ಕೆ ಹೇಳಿ, ವಿಷಹರವಿರುವ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಇಲ್ಲಿಯೇ ಸೇರಿಸುತ್ತೇನೆ.

ಕೊಟ್ಟಿಗೆಯ ಮುಂದೆ ಚಲನೆಗೆ ತಾನಾಗಿ ಹೊತ್ತುವ ಸೌರದೀಪವನ್ನು ಈಗ ಹಾಕಿಸಿದ್ದೇವೆ; ಸುಣ್ಣದ ಗೋಡೆಗೆ ಕಾವಿ ಬಳಿಸಿದ್ದೇವೆ. ಹತ್ತು ಲಕ್ಷದ ದೀಪವು ತೆಂಗಿನಕಾಯಿಯ ಕೋಣೆಯಲ್ಲಿದೆ. ಹೊಸದನ್ನು ಬಾಗಿಲ ಬಲಕ್ಕೆ ಮೊಳೆಯಲ್ಲಿ ತೂಗುಹಾಕಿದೆ. ಮೊದಲು ಆ ಮೊಳೆಯನ್ನು ನನ್ನ ಎತ್ತರಕ್ಕೆ ಹೊಡೆದಿದ್ದೆನು. ಮರುದಿನ ನೋಡಿದರೆ ನಮ್ಮ ತಾಯಿಯವರು ಅದನ್ನು ಕೀಳಿಸಿ ಒಂದು ಗೇಣು ಕೆಳಗೆ ಹೊಡೆಸಿದ್ದರು. ಪ್ರತಿ ತಿಂಗಳ ಅಮಾವಾಸ್ಯೆಯ ದಿನ ಅದನ್ನು ಚಾರ್ಜಿಗೆ ಹಾಕುವವರೂ ಅವರೇ.