ಮತ್ತೆ ಬರ್ತಾನಾ ನಮ್ಮ 999?

ಘಟಪ್ರಭಾ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಗೆಳೆಯನೊಡನೆ ನನ್ನ ಜಗಳ ಇನ್ನೂ ಮುಗಿದಿಲ್ಲ. ‘ಒಬ್ಬನ್ನ ಎಷ್ಟ ಸಲ ನೋಡೂದಲೇ?’ ಅಂತಾನವ.

1968ರ ‘ಜೇಡರ ಬಲೆ’ಯಿಂದ ದೊರೈ-ಭಗವಾನ್ ಜೋಡಿ ಅಣ್ಣಾವ್ರನ್ನು ಸಿ.ಐ.ಡಿ. 999 ಆಗಿ ನಾಲ್ಕು ಸಲ ತೆರೆಗೆ ತಂದಿತು. ಎರಡೇ ವರ್ಷದಲ್ಲಿ ಮೂರು ಚಿತ್ರ, ಎಲ್ಲಾ ಕಪ್ಪು-ಬಿಳುಪು! 1978ರ ‘ಆಪರೇಷನ್ ಡೈಮಂಡ್ ರಾಕೆಟ್’ಗೆ ಬಣ್ಣ ಬಂತು, ಅಣ್ಣಾವ್ರ ಕಂಠದಲ್ಲಿ ಇಂಗ್ಲಿಷ್ ಹಾಡೂ ಬಂತು. ಆಳು ಅವನೇ, ವರಸೆ ಬೇರೆ. ಅಲ್ಲಿಗೇ ನಿಂತಿತು.

ಜಪಾನಿನ ವಿಡಿಯೋ ಗೇಮ್ ‘ಕಿಂಗ್ ಆಫ್ ಫೈಟರ್ಸ್’ ನಿಲ್ಲಲಿಲ್ಲ ನೋಡಿ. 1994ರಲ್ಲಿ ಬೇರೆ ಬೇರೆ ಆಟದ ಹುಲಿಗಳನ್ನು ಮೂವರ ತಂಡ ಮಾಡಿ ಒಂದೇ ಅಖಾಡಕ್ಕಿಳಿಸಿತು. ಮರುವರ್ಷ ತಂಡ ಕಟ್ಟುವ ಹಕ್ಕನ್ನು ಆಡುವವನಿಗೇ ಕೊಟ್ಟಿತು. 1999ರಲ್ಲಿ ನಾಯಕನನ್ನೇ ಬದಲಿಸಿತು! (ಅದೊಂದು ನನಗೆ ಸೇರಲಿಲ್ಲ.)

ಹಾಗಾದರೆ 999ನ್ನು ಹೊಸ ಹುಡುಗನಿಗೆ ಕೊಡೋಣವೇ? ನನ್ನ ಮನಸ್ಸು ಒಪ್ಪದು.

‘ಕೊಡ್ಲಿಲ್ಲಂದ್ರ ಅವ 1978ರಾಗ ಉಳೀತಾನ, ನೋಡು’ ಅಂದ ಗೆಳೆಯ.