ಅಂಕಗಣಿತದಲ್ಲಿ ಕ್ರಿಯೆಗಳ ಕ್ರಮ – ಪೋಷಕರ ಮಾಹಿತಿಗಾಗಿ

ಶಾಲಾ ಅಂಕಗಣಿತದ ಒಂದೇ ಲೆಕ್ಕಕ್ಕೆ ಶಾಲೆಯಲ್ಲಿ ಒಂದು ಉತ್ತರ, ಮನೆಯಲ್ಲಿ ಇನ್ನೊಂದು ಉತ್ತರ ಬರುವುದುಂಟು. ಇದರಿಂದಾಗಿ ವಿದ್ಯಾರ್ಥಿಯು ಸರಿಯಾದ ಉತ್ತರವನ್ನೇ ಅಳಿಸಿಹಾಕುವ ಅಥವಾ ಪೋಷಕರು ಶಿಕ್ಷಕರ ಮೌಲ್ಯಮಾಪನವನ್ನು ಸಂಶಯಿಸುವ ಸಂದರ್ಭಗಳು ಉಂಟಾಗುತ್ತವೆ. ಅನೇಕ ವೇಳೆ ಇದಕ್ಕೆ ಕಾರಣ ಕೂಡುವ, ಗುಣಿಸುವ ತಪ್ಪಲ್ಲ. ಯಾವ ಕ್ರಿಯೆಯನ್ನು ಮೊದಲು ಮಾಡಬೇಕೆಂಬ ಗೊಂದಲ. ಈ ಬಗ್ಗೆ ಪೋಷಕರ ತಿಳಿವಳಿಕೆಗಾಗಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಕ್ರಮ ಏಕೆ ಬೇಕು?

ಅಂಗಡಿಯಲ್ಲಿ 25 ರೂಪಾಯಿಯ ಒಂದು ಸೋಪು ಹಾಗೂ ಕಿಲೋಗೆ 40 ರೂಪಾಯಿಯಂತೆ 3 ಕಿಲೋ ಸಕ್ಕರೆ ಕೊಂಡರೆ, ಬಿಲ್ಲನ್ನು 25 + 3 × 40 ಎಂದು ಬರೆಯಬಹುದು. ಪಾವತಿಸಬೇಕಾದ ಮೊತ್ತ 145 ರೂಪಾಯಿ. ಎಡದಿಂದಲೇ ಲೆಕ್ಕ ಮಾಡುತ್ತಾ ಹೋದರೆ 28 × 40, ಅಂದರೆ 1120 ರೂಪಾಯಿ ಆಗುತ್ತದೆ. ಸೋಪಿನ ರೂಪಾಯಿಗೆ ಸಕ್ಕರೆಯ ಕಿಲೋವನ್ನು ಕೂಡಿಸಲು ಬರುವುದಿಲ್ಲ. ಮೊದಲು ಸಕ್ಕರೆಯ ಬೆಲೆ ತಿಳಿಯಬೇಕು. ಆದುದರಿಂದ ಗುಣಾಕಾರ ಮೊದಲು, ಸಂಕಲನ ನಂತರ ಎಂಬ ಪದ್ಧತಿ ವ್ಯವಹಾರಕ್ಕೂ ಅನುಕೂಲವಾಗಿದೆ.

2. ನಿಯಮವೇನು?

ನಮ್ಮ ಶಾಲೆಗಳಲ್ಲಿ ಇದನ್ನು 'ಬೋಡ್‌ಮಾಸ್' ಎಂಬ ಸೂತ್ರಪದದಿಂದ ಕಲಿಸುವುದು ರೂಢಿ. ಅದರ ಹಂತಗಳು ಹೀಗಿವೆ:

(ಅ) ಆವರಣದೊಳಗಿನ ಲೆಕ್ಕ.
(ಆ) 'ರ' ಎಂಬ ಪ್ರತ್ಯಯದಿಂದ ಸೂಚಿತವಾದ ಭಾಗ. ಉದಾ: 6ರ 1/2.
(ಇ) ಭಾಗಾಕಾರ ಮತ್ತು ಗುಣಾಕಾರ, ಎಡದಿಂದ ಬಲಕ್ಕೆ.
(ಈ) ಸಂಕಲನ ಮತ್ತು ವ್ಯವಕಲನ, ಎಡದಿಂದ ಬಲಕ್ಕೆ.

ಸೂತ್ರಪದದಲ್ಲಿ ಅಕ್ಷರಗಳು ಆರಿದ್ದರೂ ಹಂತಗಳು ನಾಲ್ಕೇ ಎಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು.

3. ಸಾಮಾನ್ಯವಾಗಿ ಆಗುವ ತಪ್ಪುಗಳು

(ಅ) ಸೂತ್ರಪದದಲ್ಲಿ ಸಂಕಲನವು ವ್ಯವಕಲನಕ್ಕಿಂತ ಮುಂದೆ ಇರುವುದರಿಂದ ಅದನ್ನೇ ಮೊದಲು ಮಾಡುವುದು. 20 − 8 + 5 ಇದರ ಉತ್ತರ 17. ಮೊದಲು 8 ಮತ್ತು 5ನ್ನು ಕೂಡಿಸಿ ಕಳೆದರೆ 7 ಬರುತ್ತದೆ, ಇದು ತಪ್ಪು.

(ಆ) ಗುಣಾಕಾರವನ್ನು ಯಾವಾಗಲೂ ಮೊದಲು ಮಾಡುವುದು. 24 ÷ 4 × 2 ಇದರ ಉತ್ತರ 12, 3 ಅಲ್ಲ. ಅಮೆರಿಕದ ಶಾಲೆಗಳ 'ಪೆಮ್‌ಡಾಸ್' ಸೂತ್ರದಲ್ಲಿ ಗುಣಾಕಾರದ ಅಕ್ಷರ ಭಾಗಾಕಾರಕ್ಕಿಂತ ಮುಂದಿದೆ. ಆದರೂ ಅಲ್ಲಿಯೂ ಇವೆರಡೂ ಸಮಾನ.

(ಇ) 'ರ' ಪ್ರತ್ಯಯವನ್ನು ಕೇವಲ ಗುಣಾಕಾರ ಚಿಹ್ನೆಯೆಂದು ಭಾವಿಸುವುದು. 12 ÷ 6ರ 1/2 ಎಂದರೆ 12 ÷ 3, ಅಂದರೆ 4. ಇದನ್ನೇ 12 ÷ 6 × 1/2 ಎಂದು ಬರೆದರೆ ಉತ್ತರ 1 ಆಗುತ್ತದೆ.

4. ಸುಲಭ ವಿಧಾನ

ಆವರಣದ ಹೊರಗಿರುವ + ಮತ್ತು − ಚಿಹ್ನೆಗಳ ಬಳಿ ಲೆಕ್ಕವನ್ನು ಬಿಡಿ ಪದಗಳಾಗಿ ಗುರುತಿಸಿಕೊಳ್ಳಬಹುದು. ಎನ್‌ಸಿಇಆರ್‌ಟಿ 2025ರಲ್ಲಿ ಹೊರತಂದ 7ನೇ ತರಗತಿಯ 'ಗಣಿತ ಪ್ರಕಾಶ' ಪುಸ್ತಕವೂ ಪದಗಳ ಮೂಲಕವೇ ಈ ವಿಷಯವನ್ನು ವಿವರಿಸುತ್ತದೆ. ಉದಾಹರಣೆಗೆ, 30 − 12 ÷ 4 × 2 + 5 ಇದರಲ್ಲಿ ಪದಗಳು ಮೂರು. ನಡುವಿನ ಪದದ ಬೆಲೆ 6. ಆದ್ದರಿಂದ 30 − 6 + 5 = 29. ಅಕ್ಷರಗಳನ್ನೇ ಒಂದೊಂದಾಗಿ ಅನುಸರಿಸಿದವರಿಗೆ 19 ಎಂಬ ತಪ್ಪು ಉತ್ತರ ದೊರೆಯುತ್ತದೆ.

5. ಕ್ಯಾಲ್ಕ್ಯುಲೇಟರ್ ಬಳಸುವವರ ಗಮನಕ್ಕೆ

ಅಂಗಡಿಗಳಲ್ಲಿ ಬಳಸುವ ಸಾಮಾನ್ಯ ಕ್ಯಾಲ್ಕ್ಯುಲೇಟರ್‌ಗಳು ಗುಂಡಿ ಒತ್ತಿದ ಕ್ರಮದಲ್ಲಿಯೇ ಲೆಕ್ಕ ಮಾಡುತ್ತವೆ. 2 + 3 × 4 ಒತ್ತಿದರೆ 20 ತೋರಿಸುತ್ತವೆ. ವೈಜ್ಞಾನಿಕ ಕ್ಯಾಲ್ಕ್ಯುಲೇಟರ್ 14 ಎಂದು ಸರಿಯಾಗಿ ತೋರಿಸುತ್ತದೆ. ಆದುದರಿಂದ ಸಾಮಾನ್ಯ ಯಂತ್ರದ ಉತ್ತರವನ್ನು ಆಧರಿಸಿ ಮಗುವಿನ ಉತ್ತರ ತಪ್ಪೆಂದು ನಿರ್ಧರಿಸಬಾರದು.

6. ಎರಡು ಅರ್ಥ ಕೊಡುವ ಲೆಕ್ಕಗಳು

2019ರಲ್ಲಿ ಅಂತರಜಾಲದಲ್ಲಿ 8 ÷ 2(2 + 2) ಎಂಬ ಲೆಕ್ಕ ವ್ಯಾಪಕ ಚರ್ಚೆಗೆ ಕಾರಣವಾಯಿತು. ಮೇಲಿನ ನಿಯಮದಂತೆ ಉತ್ತರ 16. ಆದರೆ ಚಿಹ್ನೆಯಿಲ್ಲದೆ ಜೊತೆಗೆ ಬರೆದ 2(2 + 2) ಅನ್ನು ಒಂದೇ ಘಟಕವೆಂದು ಓದುವವರಿಗೆ 1 ಬರುತ್ತದೆ. ಇಲ್ಲಿ ದೋಷವಿರುವುದು ಬರವಣಿಗೆಯಲ್ಲಿ. ಇಂತಹ ಕಡೆ ಆವರಣವನ್ನು ಹೆಚ್ಚಾಗಿ ಬಳಸಿ ಅರ್ಥ ಸ್ಪಷ್ಟಪಡಿಸುವುದೇ ಪರಿಹಾರ.

7. ಪೋಷಕರಿಗೆ ಸಲಹೆ

(ಅ) ಉತ್ತರ ಹೊಂದದಿದ್ದಲ್ಲಿ, ಮೊದಲು ಯಾವ ಕ್ರಿಯೆ ಮಾಡಿದೆ ಎಂದು ಮಗುವನ್ನು ಕೇಳುವುದು.
(ಆ) ಪ್ರತಿ ಹಂತವನ್ನೂ ಪ್ರತ್ಯೇಕ ಸಾಲಿನಲ್ಲಿ ಬರೆಸುವುದು. ಕ್ರಮ ತಪ್ಪಿದ ಸ್ಥಳ ಇದರಿಂದ ತಿಳಿಯುತ್ತದೆ.
(ಇ) ಎಸ್.ಎಸ್.ಎಲ್.ಸಿ. ಗಣಿತ ಉತ್ತರ ಪತ್ರಿಕೆಯ ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸಲು ಉದ್ದೇಶಿಸಿರುವವರು, ಶುಲ್ಕ ಪಾವತಿಸುವ ಮುನ್ನ ಸಂಬಂಧಿಸಿದ ಲೆಕ್ಕವನ್ನು ಮೇಲ್ಕಂಡ ಕ್ರಮದಂತೆ ಪರಿಶೀಲಿಸಿಕೊಳ್ಳುವುದು ಸೂಕ್ತ.

ಹೆಚ್ಚಿನ ವಿವರಣೆ ಅಗತ್ಯವಿದ್ದಲ್ಲಿ ಸಂಬಂಧಪಟ್ಟ ಶಾಲೆಯ ಗಣಿತ ಶಿಕ್ಷಕರನ್ನು ಮಗುವಿನ ಅಭ್ಯಾಸ ಪುಸ್ತಕದೊಂದಿಗೆ ಭೇಟಿ ಮಾಡಬಹುದಾಗಿದೆ.